ಟಾಂಗಾದ ಅರಗಿನ ಮುದ್ರೆ

"ವಸ್ತಾದರೇ, ಡಬ್ಬಿಯನ್ನು ನಾನೇ ಬಿಚ್ಚಲೋ, ಇಲ್ಲ ಕಂಪನಿಯವರ ಕೈಗೆ ಕೊಡಲೋ?"

ಬೆಳಿಗ್ಗೆ ಗರಡಿಯಲ್ಲಿ ಕೆಂಡಗಣ್ಣ ಹೀಗೆ ಕೇಳಿದ. ಅವನು ನನ್ನ ಶಿಷ್ಯ. ಕೋರ್ಟಿನ ಎದುರು ಅವನದೊಂದು ಅಂಗಡಿ ಇದೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾಡಿ ಕೊಡುತ್ತಾನೆ. ಆ ಕಂಪ್ಯೂಟರು ಊಟದ ಡಬ್ಬಿಗಿಂತ ಚಿಕ್ಕದು. ಅದಕ್ಕೇ ನಾವೆಲ್ಲ ಅದನ್ನು ಡಬ್ಬಿ ಅನ್ನುವುದು.

ಮಟ್ಟಿ ಅಗೆದು, ಮೈ ತೊಳೆದು, ಅಂಗಿ ತೊಟ್ಟು ಬಂದು ಕೇಳಿದ್ದ. ಮಟ್ಟಿ ಅಂದರೆ ಕುಸ್ತಿಯ ಕೆಮ್ಮಣ್ಣು. ನಮ್ಮ ಗರಡಿಯ ಕಟ್ಟಳೆ ಒಂದೇ. ಬಿದ್ದವನು ಮಟ್ಟಿ ಅಗೆಯಬೇಕು. ಬೀಳಿಸಿದವನನ್ನು ಬೈಯುವ ಹಾಗಿಲ್ಲ. ಹಿಂದಿನ ದಿನವೂ ಕೆಂಡಗಣ್ಣನೇ ಅಗೆದಿದ್ದ. ಅದರ ಹಿಂದಿನ ದಿನವೂ ಅವನೇ. ಕಾಲು ಮಟ್ಟಿಯಲ್ಲಿ, ತಲೆ ಡಬ್ಬಿಯಲ್ಲಿ. ಅಂಥವನನ್ನು ಬೀಳಿಸಲು ಪೈಲ್ವಾನ ಬೇಕಿಲ್ಲ, ಒಂದು ಸೀನು ಸಾಕು.

ನಾನು ಶಾಲೆಗೆ ಹೋದವನಲ್ಲ. ಒಂದೇ ಸಲ ಹೋಗಿದ್ದೆ, ಅದೂ ಅದರ ತೊಲೆ ಜಾರಿದಾಗ, ಎತ್ತಿ ಕೂರಿಸಲು. ಮೇಷ್ಟ್ರು ಪಾಠ ನಿಲ್ಲಿಸಲಿಲ್ಲ. ತೊಲೆ ಹೊತ್ತು ನಿಂತೇ ಮಗ್ಗಿಯನ್ನೆಲ್ಲ ಕೇಳಿಸಿಕೊಂಡೆ. ಅಷ್ಟೇ ನನ್ನ ಓದು. ಆದರೂ ಕೋರ್ಟಿನ ವಕೀಲರು ಕಟ್ಟಕಡೆಗೆ ನನ್ನ ಹತ್ತಿರವೇ ಬರುತ್ತಾರೆ, ಕತ್ತು ಉಳುಕಿದಾಗ. ಆದ್ದರಿಂದ ಡಬ್ಬಿಯ ವಿಷಯ ನನ್ನನ್ನು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

"ಡಬ್ಬಿಗೆ ಏನಾಗಿದೆ?" ಅಂದೆ.

"ಹೊಟ್ಟೆ ತುಂಬಿದೆ. ಒಂದು ಪತ್ರಿಕೆ ತೆರೆದರೆ ಮೇಲಿರೋ ಗಣಪತಿ ಬರೋಷ್ಟರಲ್ಲಿ ನಾನು ಟೀ ಕುಡಿದು ಬಂದಿರ್ತೀನಿ. ಗಿರಾಕಿ ಎದುರಿಗೇ ಕೂತಿರ್ತಾನೆ. ಕೂತು ಕೂತು ಎದ್ದು ಪಕ್ಕದ ಸಾಲಿನ ಅಂಗಡಿಗೆ ಹೋಗ್ತಾನೆ. ಒಳಗೆ ಇನ್ನೊಂದಿಷ್ಟು ಮೆಮೊರಿ ಹಾಕಿದರೆ ಮುಗೀತು. ನನ್ನ ಹೆಬ್ಬೆರಳಷ್ಟಿದೆ. ತಂದೂ ಇಟ್ಟಿದ್ದೀನಿ."

"ಹಾಕು ಮತ್ತೆ."

"ಬಿಚ್ಚಿದರೆ ತಳದಲ್ಲಿರೋ ಸ್ಟಿಕ್ಕರ್ ಹರಿಯುತ್ತೆ. ಅದು ಹರಿದರೆ ವಾರಂಟಿ ಹೋಯ್ತು. ಆಮೇಲೆ ಏನು ಕೆಟ್ಟರೂ ಕಂಪನಿಯವರು ಮುಟ್ಟಲ್ವಂತೆ."

"ಅವರಿಗೇ ಕೊಡು ಮತ್ತೆ."

"ಅವರು ಕೇಳೋ ದುಡ್ಡಿಗೆ ಇನ್ನೊಂದು ಡಬ್ಬೀನೇ ಬರುತ್ತೆ ವಸ್ತಾದರೇ. ಲಗ್ನದ ಕಾಲ ಮುಗಿಯೋವರೆಗೂ ಅವರ ಹತ್ತಿರವೇ ಇಟ್ಕೋತಾರೆ. ಒಳಗಿರೋ ನನ್ನ ಕೆಲಸಕ್ಕೆ ನಾವು ಹೊಣೆ ಅಲ್ಲ ಅಂತ ಬೇರೆ ಅಂದುಬಿಟ್ಟರು."

ಅವನ ಜೇಬಿನಲ್ಲಿ ಏನೋ ಕಿಣಿಕಿಣಿ ಅನ್ನುತ್ತಿತ್ತು. ಏನದು ಅಂದೆ. ತೆಗೆದು ತೋರಿಸಿದ. ಗಡಿಯಾರದವರ ಹತ್ತಿರ ಇರುವಂಥ ಸಣ್ಣ ಸ್ಕ್ರೂಡ್ರೈವರುಗಳು. ಮತ್ತೆ ಜೇಬಿಗೆ ಹಾಕಿದ. ಕೈ ಮಾತ್ರ ಒಳಗೇ ಉಳಿಯಿತು.

"ಬಿಚ್ಚೋಕೆ ಅಂತ ಕೂರ್ತೀನಿ, ಕೈ ಬರಲ್ಲ. ಕಂಪನಿಗೆ ಅಂತ ಹೊರಡ್ತೀನಿ, ಅರ್ಧ ದಾರೀಲಿ ವಾಪಸ್ ಬರ್ತೀನಿ. ಆ ಸ್ಟಿಕ್ಕರಿನ ಅಂಚು ಎದ್ದಿತ್ತು, ಅದರ ಮೇಲೆ ಟೇಪ್ ಅಂಟಿಸಿದ್ದೀನಿ. ಕೇಳಿದವರೆಲ್ಲ ಒಂದೊಂದು ಹೇಳ್ತಾರೆ."

"ಯಾರ್‍ಯಾರನ್ನ ಕೇಳಿದೆ?"

"ಯಾರನ್ನ ಬಿಟ್ಟೆ ಅಂತ ಕೇಳಿ."

"ಕೂತ್ಕೊಳ್ಳೋ" ಅಂದೆ. ಕೂತ. ಮೊಣಕಾಲು ಕುಣಿಯುತ್ತಲೇ ಇತ್ತು. ನಾನು ಅವನಿಗೆ ಈ ಕತೆ ಹೇಳಿದೆ.

ಒಬ್ಬ ಟಾಂಗಾದವನಿದ್ದ. ಇದು ನಡೆದದ್ದು, ನಾನು ಕಣ್ಣಾರೆ ಕಂಡದ್ದು. ನಾನು ಕಾಣದ ಭಾಗವನ್ನು ಅವನ ಕುದುರೆಯೇ ನನಗೆ ಹೇಳಿತು.

ಆ ಕುದುರೆ ಎಂಥದ್ದೆಂದರೆ, ಬೆಳಿಗ್ಗೆ ಓಡಿದರೆ ಅದರ ನೆರಳು ಹಿಂದೆ ಉಳಿದು ಮಧ್ಯಾಹ್ನದ ಹೊತ್ತಿಗೆ ಲಾಯ ಸೇರುತ್ತಿತ್ತು. ಆದರೆ ಟಾಂಗಾ ಚಿಕ್ಕದು. ಹೂವಾಡಗಿತ್ತಿಯರು ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಒಟ್ಟಿಗೆ ಬರುತ್ತಿದ್ದರು. ಅರ್ಧ ಜನ ಹತ್ತಿ ಅರ್ಧ ಜನ ಉಳಿಯುವುದಕ್ಕೆ ಅವರು ಒಪ್ಪುತ್ತಿರಲಿಲ್ಲ. ಹೋದರೆ ಎಲ್ಲರೂ, ಇಲ್ಲದಿದ್ದರೆ ಯಾರೂ ಇಲ್ಲ. ಅವರು ಸಿಕ್ಕಿದರೆ ಟಾಂಗಾದವನ ಮನೆಯ ಒಲೆ ತಪ್ಪದೆ ಉರಿಯುತ್ತಿತ್ತು. ಹಿಂದಿನ ಸೀಟಿಗೆ ಒಂದು ಹಲಗೆ ಸೇರಿಸಿದರೆ ಎಲ್ಲರೂ ಕೂರಬಹುದಿತ್ತು.

ಹಲಗೆ ಸೇರಿಸಲು ಸೀಟಿನ ಕೆಳಗಿನ ದೊಡ್ಡ ಬೋಲ್ಟು ಬಿಚ್ಚಬೇಕು. ಆ ಬೋಲ್ಟಿನ ತಲೆಯ ಮೇಲೆ, ಗಾಡಿ ಕಟ್ಟಿದವನು ಅರಗು ಸುರಿದು ತನ್ನ ಉಂಗುರದಿಂದ ಮುದ್ರೆ ಒತ್ತಿದ್ದ.

ಟಾಂಗಾದವನು ಅವನ ಕಾರ್ಖಾನೆಗೆ ಹೋಗಿ ಕೇಳಿದ.

ಗಾಡಿ ಕಟ್ಟುವವನು ಹೇಳಿದ: "ನಾನೇ ಹಲಗೆ ಹಾಕಿಕೊಡ್ತೀನಿ. ಇನ್ನೊಂದು ಗಾಡಿಯ ಬೆಲೆ ಆಗುತ್ತೆ. ಮಳೆಗಾಲ ಕಳೆಯೋವರೆಗೂ ಇಲ್ಲೇ ಬಿಟ್ಟಿರಬೇಕು. ಪಕ್ಕದಲ್ಲಿ ಅದೇನೋ ನವಿಲು ಬರೆಸಿದ್ದೀಯಲ್ಲ, ಉಳಿದರೆ ಉಳೀತು. ನಾನು ಮರಕ್ಕೆ ಹೊಣೆ, ನವಿಲಿಗಲ್ಲ."

"ನಾನೇ ಹಾಕ್ಕೊಂಡರೆ?"

"ಹಾಕ್ಕೋ. ಗಾಡಿ ನಿಂದು. ಆದರೆ ಮುದ್ರೆ ಒಡೆದ ಗಾಡಿ ನಡುಬೀದೀಲಿ ಚಕ್ರ ಕಳಚಿ ಬಿದ್ದರೂ ನಾನು ತಿರುಗಿ ನೋಡಲ್ಲ. ಮುದ್ರೆ ನೆಟ್ಟಗಿರೋವರೆಗೂ ನಿನ್ನ ಗಾಡಿಗೆ ನಾನು ಹೊಣೆ. ಅಷ್ಟೇ ಮಾತು."

ಆ ನವಿಲನ್ನು ಬರೆದವನು ಟಾಂಗಾದವನ ಅಪ್ಪ. ಅಪ್ಪ ಸತ್ತಿದ್ದ. ನವಿಲು ಇತ್ತು.

ಟಾಂಗಾದವನು ಮನೆಗೆ ಬಂದು ಉಳಿ ಹಿಡಿದ. ಮುದ್ರೆಗೆ ತಾಗಿಸಿದ. ಮತ್ತೆ ಕೆಳಗೆ ಇಟ್ಟ. ಕಾರ್ಖಾನೆಗೆ ಗಾಡಿ ಹೊಡೆದ. ಅರ್ಧ ದಾರಿಯಲ್ಲಿ ನವಿಲು ನೆನಪಾಯಿತು. ತಿರುಗಿಸಿದ. ಮತ್ತೆ ಉಳಿ ಹಿಡಿದ. ಹೀಗೆ ಎಷ್ಟು ಓಡಾಡಿದನೆಂದರೆ ಆ ಹಾದಿ ಸವೆದು ಹಳ್ಳವಾಯಿತು. ಮಳೆ ಬಂದು ನೀರು ತುಂಬಿದಾಗ ಊರಿನವರು ಅದಕ್ಕೆ ಸೇತುವೆ ಕಟ್ಟಬೇಕಾಯಿತು. ಸೇತುವೆ ಈಗಲೂ ಇದೆ. ಕಲ್ಲು ಹೊತ್ತವನು ನಾನೇ, ಒಬ್ಬನೇ, ಎಡಗೈಯಲ್ಲಿ. ಬಲಗೈಯಲ್ಲಿ ಎಲೆ ಅಡಿಕೆ ಇತ್ತು.

ಹೆಂಡತಿ ನೋಡಿ ನೋಡಿ ಸಾಕಾಗಿ, "ಆ ಉಳಿಯನ್ನಾದರೂ ಇತ್ತ ಕೊಡಿ, ಕಾಯಿ ಒಡೀತೀನಿ. ಈ ಮನೇಲಿ ಏನಾದರೂ ಒಂದು ಒಡೆಯಲಿ" ಅಂದಳು.

ಅವನು ಕಂಡಕಂಡವರನ್ನು ಕೇಳಿದ. ಬಡಗಿ ಒಡಿ ಅಂದ. ಲಾಳ ಕಟ್ಟುವವನು ಕೊಡು ಅಂದ. ಇಬ್ಬರಿಗೂ ಇವನದು ಒಂದೇ ಮರುಪ್ರಶ್ನೆ, "ಕೆಟ್ಟರೆ ನೀನು ಹೊಣೆಯಾ?" ಬಡಗಿ ಎದ್ದು ಗರಗಸ ಮಸೆಯಲು ಹೋದ. ಲಾಳದವನನ್ನು ಎಲ್ಲಿಂದಲೋ ಒಂದು ಕುದುರೆ ಕಾಲೆತ್ತಿ ಕರೆಯಿತು.

ಆಗ ಅವನಿಗೆ ಮುದ್ರೆಯ ಮೇಲೆ ಇನ್ನಷ್ಟು ಪ್ರೀತಿ ಬಂತು. ಊರಿನಲ್ಲಿ ಯಾರೂ ಹೊರದ ಹೊಣೆಯನ್ನು ಅದೊಂದು ಹೊತ್ತಿತ್ತು. ಹತ್ತಿದವರ ಹಿಮ್ಮಡಿ ತಾಗಿ ಅದು ಬಿರಿದೀತೆಂದು ಭಯವಾಯಿತು. "ಕಾಲು ಮೇಲೆ ಮಡಚಿ ಕೂತ್ಕೊಳ್ಳಿ" ಎಂದು ಎಲ್ಲರಿಗೂ ಹೇಳತೊಡಗಿದ. ಕಾಲು ಮಡಚಿದರೆ ಇದ್ದ ಜಾಗವೂ ಹೋಯಿತು. ಮೊದಲು ಹಿಡಿಸುತ್ತಿದ್ದಷ್ಟು ಜನವೂ ಈಗ ಹಿಡಿಸಲಿಲ್ಲ. ಒಬ್ಬ ಮುದುಕ, "ಇದೇನು ಗಾಡಿಯೋ, ನಿಮ್ಮನೆ ದೇವರ ಕೋಣೆಯೋ?" ಎಂದು ಬೈದು ಇಳಿದುಹೋದ.

ಹೂವಾಡಗಿತ್ತಿಯರಲ್ಲಿ ಹಿರಿಯಳು ದಿನಾ ಬೆಳಿಗ್ಗೆ ಗಾಡಿಯನ್ನು ಮೇಲಿಂದ ಕೆಳಗೆ ನೋಡುವಳು. "ಏನಪ್ಪಾ, ಇನ್ನೂ ಬೆಳೀಲಿಲ್ವಾ ನಿನ್ನ ಗಾಡಿ? ಬುಡಕ್ಕೆ ನೀರು ಹಾಕು" ಅನ್ನುವಳು. ಉಳಿದವರು ನಗುವರು. ನಕ್ಕು ನಡೆದೇ ಹೋಗುವರು. ಕೊನೆಗೊಂದು ಬೆಳಿಗ್ಗೆ ಅವರೆಲ್ಲ ಬೇರೊಬ್ಬನ ಎತ್ತಿನ ಗಾಡಿ ಹತ್ತಿದರು. ಆವತ್ತು ಅವಳು ತಮಾಷೆ ಮಾಡಲಿಲ್ಲ. ಇವನ ಕಡೆ ತಿರುಗಲೂ ಇಲ್ಲ.

ಆಯುಧಪೂಜೆ ಬಂತು. ಎಲ್ಲರೂ ತಮ್ಮ ತಮ್ಮ ಗಾಡಿಯ ಚಕ್ರಕ್ಕೆ ಅರಿಸಿನ ಕುಂಕುಮ ಹಚ್ಚಿದರು. ಇವನು ಸೀಟಿನ ಕೆಳಗೆ ಬಾಗಿ ಮುದ್ರೆಗೆ ಹಚ್ಚಿದ. ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದನ್ನು ಮರೆತ.

ಬೇಸಿಗೆ ಬಂತು. ಅರಗು ಬಿಸಿಲಿಗೆ ಮೆತ್ತಗಾಗುತ್ತದೆ. ಮುದ್ರೆ ಕರಗೀತೆಂದು ಅವನಿಗೆ ನಿದ್ದೆ ಹತ್ತಲಿಲ್ಲ. ಗಾಡಿಯನ್ನು ಬೀದಿಗೆ ತೆಗೆಯುವುದನ್ನೇ ಬಿಟ್ಟ. ಲಾಯದ ಹಿಂದೆ ಮರದ ನೆರಳಿನಲ್ಲಿ ನಿಲ್ಲಿಸಿ ಮೇಲೆ ಗೋಣಿತಾಟು ಹೊದಿಸಿದ. ಅದಕ್ಕೆ ನೀರು ಚಿಮುಕಿಸಿದ. ದಿನವೂ ತಾಟಿನ ಅಡಿಗೆ ಕೈ ಹಾಕಿ ಮುದ್ರೆಯನ್ನು ಮುಟ್ಟಿ ನೋಡುವನು. ತಣ್ಣಗೆ, ಗಟ್ಟಿಯಾಗಿ ಇರುತ್ತಿತ್ತು. ಸಮಾಧಾನ ಮಾಡಿಕೊಂಡು ಹೊರಗೆ ಬಂದು, ಒಡೆಯಲೋ ಕೊಡಲೋ ಎಂದು ಮತ್ತೆ ಶತಪಥ ಹಾಕುವನು.

ನೆರಳು, ಒದ್ದೆ, ಗೋಣಿಯೊಳಗಿನ ಕತ್ತಲೆ. ಗೆದ್ದಲಿಗೆ ಇನ್ನೇನು ಬೇಕು?

ಆ ಗೆದ್ದಲು ಎಂಥವೆಂದರೆ, ಅವು ಕಡಿಯುವ ಸದ್ದಿಗೆ ಪಕ್ಕದ ಬೀದಿಯವರು ಯಾರೋ ಅವಲಕ್ಕಿ ಕುಟ್ಟುತ್ತಿದ್ದಾರೆ ಎಂದುಕೊಂಡರು. ಮೊದಲು ನವಿಲನ್ನು ತಿಂದವು. ಆಮೇಲೆ ಸೀಟು. ಆಮೇಲೆ ಕುದುರೆ ಕಟ್ಟುವ ಮೂಕಿ. ಆಮೇಲೆ ಚಕ್ರ. ಕುದುರೆ ಎಲ್ಲವನ್ನೂ ನೋಡುತ್ತಿತ್ತು. ಕೆನೆಯಿತು, ಒದೆಯಿತು, ಹಗ್ಗ ಜಗ್ಗಿತು. ಅವನು, "ಸುಮ್ಮನಿರು, ನಾನು ಯೋಚನೆ ಮಾಡ್ತಿದ್ದೀನಿ" ಎಂದು ಗದರಿದ. ಕುದುರೆ ಬೇಸರಪಟ್ಟು ಹಗ್ಗ ಕಿತ್ತುಕೊಂಡು ನೇರವಾಗಿ ನನ್ನ ಗರಡಿಗೆ ಬಂತು. ಸಂಗತಿಯೆಲ್ಲ ನನಗೆ ಗೊತ್ತಾದದ್ದು ಹಾಗೆ.

ಒಂದು ದಿನ ಅವನು ಗಟ್ಟಿ ಮನಸ್ಸು ಮಾಡಿದ. ಇವತ್ತು ಎರಡರಲ್ಲೊಂದು ಆಗಲೇಬೇಕು ಎಂದು ಗೋಣಿತಾಟನ್ನು ಎಳೆದ. ಟಾಂಗಾದ ಆಕಾರದಲ್ಲಿ ಮಣ್ಣು ನಿಂತಿತ್ತು. ತಾಟು ತಾಗಿದ್ದೇ ತಡ, ಉದುರಿ ರಾಶಿಯಾಯಿತು. ರಾಶಿಯಲ್ಲಿ ಕೈಯಾಡಿಸಿದ. ಬೋಲ್ಟು ಸಿಕ್ಕಿತು. ಬೋಲ್ಟಿನ ತಲೆಯ ಮೇಲೆ ಮುದ್ರೆ ಇತ್ತು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಹಬ್ಬದ ಕುಂಕುಮವೂ ಹಾಗೇ ಇತ್ತು.

ಅದನ್ನು ಮುಷ್ಟಿಯಲ್ಲಿ ಹಿಡಿದು ಕಾರ್ಖಾನೆಗೆ ಓಡಿದ. ಈ ಸಲ ಅರ್ಧ ದಾರಿಯಲ್ಲಿ ತಿರುಗಲಿಲ್ಲ.

ಗಾಡಿ ಕಟ್ಟುವವನು ಮುದ್ರೆಯನ್ನು ಬೆಳಕಿಗೆ ಹಿಡಿದ. ಬೆರಳಿನ ಉಂಗುರ ತೆಗೆದು ಅದರ ಮೇಲಿಟ್ಟ. ಗೆರೆಗೆ ಗೆರೆ ಕೂಡಿತು.

"ಭೇಷ್!" ಅಂದ. "ನನ್ನ ಮುದ್ರೆಯನ್ನ ಇಷ್ಟು ಚೆನ್ನಾಗಿ ಕಾಪಾಡಿದವನನ್ನ ನಾನು ಕಂಡಿಲ್ಲ. ನನ್ನ ಮಾತು ಮಾತೇ. ನಾನೇ ಹೊಣೆ. ಹೋಗು, ಗಾಡಿ ತಗೊಂಡು ಬಾ."

ನಾನು ಇಲ್ಲಿಗೆ ನಿಲ್ಲಿಸಿದೆ.

ಕೆಂಡಗಣ್ಣ ಜೋರಾಗಿ ನಕ್ಕ. ನಗುತ್ತಾ ನಗುತ್ತಾ ಟೇಪ್ ಅಂಟಿಸಿದ್ದು ನೆನಪಾಯಿತೋ ಏನೋ, ನಗು ಅರ್ಧಕ್ಕೇ ಇಂಗಿತು. ಮೊಣಕಾಲು ಮತ್ತೆ ಕುಣಿಯತೊಡಗಿತು. ಕೈ ಜೇಬಿಗೆ ಹೋಯಿತು. ಕಿಣಿಕಿಣಿ.

"ಅದೆಲ್ಲ ಸರಿ ವಸ್ತಾದರೇ. ಅವನು ಒಡೀಬೇಕಿತ್ತೋ, ಕೊಡಬೇಕಿತ್ತೋ? ಅದನ್ನೇ ಹೇಳಲಿಲ್ವಲ್ಲ ನೀವು."

ನಾನು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಅವನು ಇನ್ನಷ್ಟು ಹತ್ತಿರ ಸರಿದ.

"ನಿಮ್ಮ ಬಾಯಲ್ಲಿ ಒಂದೇ ಒಂದು ಮಾತು ಬರಲಿ ಸಾಕು. ಬಿಚ್ಚು ಅಂದರೆ ಈಗಲೇ ಹೋಗಿ ಬಿಚ್ತೀನಿ. ಕೊಡು ಅಂದರೆ ಕೊಟ್ಟು ಬರ್ತೀನಿ. ಆಮೇಲೆ ಏನಾದರೂ ಆಗಲಿ, ಇದು ನಮ್ಮ ವಸ್ತಾದರು ಹೇಳಿದ್ದು ಅಂತ ನನಗೊಂದು ಧೈರ್ಯ ಇರುತ್ತೆ."

ನಾನು ಎಲೆ ಮಡಚಿ ಬಾಯಿಗಿಟ್ಟು ಹೇಳಿದೆ:

"ಕಂಪನಿಯ ಮುದ್ರೆ ಸಾಲದೆ, ಈಗ ನನ್ನ ಮುದ್ರೆಯನ್ನೂ ಒತ್ತಿಸಿಕೊಂಡು ಹೋಗೋಕೆ ಬಂದೆಯಾ, ಕೆಂಡಗಣ್ಣ?"

ಜೇಬಿನ ಸದ್ದು ನಿಂತಿತು.