ಕಿವಿಯೊಳಗಿನ ಪಂಡಿತ

ಒಂದು ಎಮ್ಮೆಯ ಕಿವಿಯೊಳಗೆ ಒಂದು ಉಣುಗು ರಕ್ತ ಹೀರಿ, ಹರಳುಬೀಜದಷ್ಟು ಊದಿಕೊಂಡು ಸುಖವಾಗಿತ್ತು. ಹಿಂದೊಮ್ಮೆ ಅದು ಮೇಷ್ಟ್ರೊಬ್ಬರ ಪಂಚೆಗೆ ಅಂಟಿಕೊಂಡು ಶಾಲೆಗೆ ಹೋಗಿ, ಜೀವವಿಕಾಸದ ಪಾಠ ಕೇಳಿತ್ತು. 'ಪರಿಸರಕ್ಕೆ ಹೊಂದಿಕೊಂಡವು ಉಳಿಯುತ್ತವೆ' ಎಂಬಲ್ಲಿಗೆ ಗಂಟೆ ಹೊಡೆದಿತ್ತು. ಅಷ್ಟಕ್ಕೇ ಉಣುಗು ಪಂಡಿತನಾಯಿತು.

ಎಮ್ಮೆಯ ಕರು ಹುಟ್ಟಾ ಬಡಕಲು. ಒಂದು ಬೆಳಿಗ್ಗೆ ಅದು ತಡವರಿಸುತ್ತಾ ಹಾಲಿಗೆ ಬಂದಾಗ ಉಣುಗು ಗದರಿತು.

"ಅಕ್ಕಾ, ಕೊಡಬೇಡ! ಬಲವಿದ್ದವರು ಉಳಿಯಬೇಕು, ಇಲ್ಲದವರು ಅಳಿಯಬೇಕು. ಇದು ಪ್ರಕೃತಿಯ ನಿಯಮ. ಕನಿಕರ ತೋರಿದರೆ ಕುಲವೇ ಕೆಡುತ್ತದೆ."

"ಬಲವಿದ್ದವರು ಅಂದರೆ ಯಾರಪ್ಪಾ?"

"ನನ್ನನ್ನೇ ನೋಡು. ಮೇಯುವವಳು ನೀನು, ಹೊಟ್ಟೆ ತುಂಬುವುದು ನನಗೆ."

ಎಮ್ಮೆ ಕರುವಿನ ಮುಖ ನೋಡಿತು. ಆದರೂ ಶಾಲೆ ಕಂಡವರ ಮಾತು, ಸುಳ್ಳಿರಲಿಕ್ಕಿಲ್ಲ. ಕಣ್ಣು ಮುಚ್ಚಿ, ಕರುವನ್ನು ಒದೆಯಲು ಕಾಲೆತ್ತಿತು.

ಅಷ್ಟರಲ್ಲಿ ಗೊರವಂಕ ಹಕ್ಕಿಯೊಂದು ಎಮ್ಮೆಯ ಬೆನ್ನಿಗಿಳಿದು, ಉಣುಗುಗಳನ್ನು ಒಂದೊಂದಾಗಿ ಹೆಕ್ಕುತ್ತಾ ಕತ್ತಿನತ್ತ ಬಂತು.

"ಅಕ್ಕಾ, ಕಿವಿ ಮುಚ್ಚು!" ಪಂಡಿತ ಕಿರುಚಿತು. "ನಾನು ಎಳ್ಳುಕಾಳಿನಷ್ಟು ಜೀವ. ಓಡಲು ಬಾರದು, ಹಾರಲು ಬಾರದು. ಸ್ವಲ್ಪ ಕನಿಕರ ತೋರಿಸು!"

ಎಮ್ಮೆ ಕಣ್ಣು ತೆರೆಯಿತು. ಎತ್ತಿದ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟಿತು. ಕರು ನುಗ್ಗಿ ಬಂದು ಕೆಚ್ಚಲಿಗೆ ಬಾಯಿ ಹಾಕಿತು.

"ಕನಿಕರ ತೋರಿದರೆ ನಿನ್ನ ಕುಲ ಕೆಡುತ್ತದಲ್ಲೋ ತಮ್ಮಾ," ಎಂದ ಎಮ್ಮೆ, ಗೊರವಂಕಕ್ಕೆ ಅನುಕೂಲವಾಗುವಂತೆ ಕಿವಿಯನ್ನು ಅಗಲವಾಗಿ ತೆರೆದು ನಿಂತಿತು.