ಚಿಲಕ ಒಲ್ಲದ ಬಾಗಿಲು

ಊರಾಚೆಯ ಪುಟ್ಟ ಚರ್ಚಿನ ಬಾಗಿಲಿಗೆ ಎಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಹಿತ್ತಾಳೆಯ ಚಿಲಕ ಬಂತು. ಬಂದ ದಿನವೇ ಅದು ಗತ್ತಿನಿಂದ ಹೇಳಿತು: "ಸಭೆಯ ಹಿರಿಯರ ಅಪ್ಪಣೆಯಾಗಿದೆ. ಸಭೆಯ ಪುಸ್ತಕದಲ್ಲಿ ಹೆಸರಿಲ್ಲದವರು ಇನ್ನು ಆರಾಧನೆಗೆ ಬರುವಂತಿಲ್ಲ. ಹೆಸರಿದ್ದವರು ಒಳಗೆ ಬಂದು ಮೊದಲ ಗೀತೆ ಶುರುವಾದ ಕೂಡಲೇ ನಾನು ಬೀಳುತ್ತೇನೆ. ನೀನು ಸುಮ್ಮನೆ ಮುಚ್ಚಿಕೊಂಡಿರು."

ಬಾಗಿಲು ಕೇಳಿತು: "ನನ್ನನ್ನು ಮಾಡಿದವರು ಯಾರು ಗೊತ್ತೇ? ಈ ಸಭೆ ಕಟ್ಟಿದ ಉಪದೇಶಿ ಸಮಾಧಾನಪ್ಪನವರು. ಊರಿನ ಯಾವ ಬಾಗಿಲೂ ತಮಗಾಗಿ ತೆರೆಯದ ಜನರನ್ನು ಕರೆದು ಕೂರಿಸಲು ತಮ್ಮ ಗಾಡಿಯ ಹಲಗೆ ಬಿಚ್ಚಿ ನನ್ನನ್ನು ಮಾಡಿದರು. ಚಿಲಕ ಬೇಡವೆಂದವರೂ ಅವರೇ. 'ಯೇಸುಸ್ವಾಮಿ ಯಾರನ್ನೂ ಹೆಸರು ಕೇಳಿ ಒಳಗೆ ಬಿಟ್ಟವರಲ್ಲ' ಎಂದರು."

"ಅವರ ಕಾಲ ಮುಗಿಯಿತು."

"ನನ್ನದು ಮುಗಿದಿಲ್ಲ."

ಭಾನುವಾರ ಬೆಳಿಗ್ಗೆ ಮಳೆ ಹಿಡಿಯಿತು. ಬಾಗಿಲು ನೀರು ಕುಡಿದು ಉಬ್ಬಿ ನಿಂತಿತು. ಹಿರಿಯರಿಬ್ಬರು ಹೆಗಲು ಕೊಟ್ಟು ತಳ್ಳಿದರೂ ಅದು ಚೌಕಟ್ಟಿನೊಳಗೆ ಕೂರಲಿಲ್ಲ. ಚಿಲಕಕ್ಕೆ ತನ್ನ ತೂತು ಸಿಗಲೇ ಇಲ್ಲ. ಪುಸ್ತಕದಲ್ಲಿ ಹೆಸರಿಲ್ಲದೆ ಹೊರಗೆ ನೆನೆಯುತ್ತಿದ್ದವರೆಲ್ಲ ಬಾಗಿಲು ತಳ್ಳಿಕೊಂಡು ಬಂದು ಚಾಪೆಯ ಮೇಲೆ ಕೂತರು.

ಸೋಮವಾರ ಬಡಗಿ ಬಾಗಿಲಿನ ಉಬ್ಬಿದ ಅಂಚನ್ನು ಕೀಸಿ ತೆಗೆಯಲು ಕೀಸುಳಿ ಹಿಡಿದು ಬಂದ. "ಈಗ ನಿನ್ನ ಸೊಕ್ಕು ಇಳಿಯುತ್ತದೆ," ಎಂದು ಚಿಲಕ ನಕ್ಕಿತು.

"ಕೀಸಲಿ," ಎಂದಿತು ಬಾಗಿಲು. "ಪ್ರತಿ ಮಳೆಗೂ ಉಬ್ಬುತ್ತೇನೆ, ಪ್ರತಿ ಸಲವೂ ಕೀಸಲಿ. ಕೊನೆಗೆ ನೀನು ಉಳಿಯುತ್ತೀಯ. ನಿನ್ನನ್ನು ಜಡಿಯಲು ಬಾಗಿಲೇ ಇರುವುದಿಲ್ಲ."