ರಾಹೇಲವ್ವನ ಬೀಸುಕಲ್ಲು

ಪೂಜ್ಯ ಸಮಾಧಾನಪ್ಪನವರು ನೇಕಾರರ ಓಣಿಯ ಸಣ್ಣ ಕ್ರೈಸ್ತ ದೇವಾಲಯದಲ್ಲಿ ಉಪದೇಶಿಗಳಾಗಿದ್ದರು. ಮಣ್ಣಿನ ಮಾಳಿಗೆಯ ಒಂದು ಕೋಣೆ, ಒಂದು ಚಾಪೆ, ಮಸಿಕುಡಿಕೆ. ಅಷ್ಟರಲ್ಲಿಯೇ ಅವರು ಎಂಬತ್ತಕ್ಕೂ ಹೆಚ್ಚು ಕೀರ್ತನೆಗಳನ್ನು ರಚಿಸಿದ್ದರು. ಅವನ್ನು ಅಚ್ಚು ಹಾಕಿಸಲು ನಿಶ್ಚಯಿಸಿದ ಸಭೆಯವರು, ಹಸ್ತಪ್ರತಿ ನೋಡಿ ಒಪ್ಪಿಗೆ ಬರೆಯುವ ಕೆಲಸವನ್ನು ಹಿರಿಯರಾದ ಗಮಾಲಿಯೇಲಪ್ಪನವರಿಗೆ ವಹಿಸಿದರು.

ಗಮಾಲಿಯೇಲಪ್ಪನವರು ಮಿಶನ್ ಮಗ್ಗದ ಕಾರ್ಖಾನೆಯಲ್ಲಿ ಬಟ್ಟೆ ಪರೀಕ್ಷಿಸುವ ಮೇಸ್ತ್ರಿ. ಇಡೀ ಥಾನಿನಲ್ಲಿ ಒಂದು ಎಳೆ ತಪ್ಪಿದ್ದರೂ ಅವರ ಬೆರಳಿಗೆ ಸಿಗುತ್ತಿತ್ತು. ಹಸ್ತಪ್ರತಿಯಲ್ಲೂ ಸಿಕ್ಕಿತು. ಪುಟಪುಟದಲ್ಲೂ ಒಳ್ಳೆಯ ಪದವನ್ನು ಹೊಡೆದು, ಮೇಲೆ ಅಡುಗೆಮನೆಯ ಮಾತೊಂದನ್ನು ಬರೆದಿತ್ತು. ‘ಕರುಣಾವಾರಿಧಿ’ ಎಂದು ಬರೆಯಬಲ್ಲವರು ಅದನ್ನು ತಾವಾಗಿಯೇ ಯಾಕೆ ಹೊಡೆದಾರು? ಇದರ ಹಿಂದೆ ಬೇರೆ ಯಾರೋ ಇದ್ದಾರೆ. ಯಾರದೋ ಹಾಡಿಗೆ ಉಪದೇಶಿ ತಮ್ಮ ಹೆಸರು ಹಾಕುತ್ತಿದ್ದಾರೆ. ಅದು ನಿಜವಾದರೆ ಪುಸ್ತಕವೂ ಇಲ್ಲ, ಉಪದೇಶಿಯ ಹುದ್ದೆಯೂ ಇಲ್ಲ.

ಅವರು ಕಣ್ಣಿಟ್ಟರು. ಶನಿವಾರ ಬೆಳಗಾದರೆ ಉಪದೇಶಿಗಳು ಕಾಗದದ ಸುರುಳಿ ಹಿಡಿದು ವಿಧವೆ ರಾಹೇಲವ್ವನ ಮನೆಗೆ ಹೋಗುತ್ತಿದ್ದರು. ಆಕೆಗೆ ಒಂದಕ್ಷರ ಬಾರದು. ಒಂದು ಶನಿವಾರ ಹಿರಿಯರು ಹಿಂದೆಯೇ ಹೋಗಿ ಬಾಗಿಲ ಮರೆಯಲ್ಲಿ ನಿಂತರು. ಒಳಗೆ ಬೀಸುಕಲ್ಲಿನ ಸದ್ದು. ಅದರೊಡನೆ ಮುದುಕಿಯ ದನಿಯಲ್ಲಿ, ಹಸ್ತಪ್ರತಿಯಲ್ಲಿ ಅವರು ಓದಿದ್ದ ಕೀರ್ತನೆ. ಕಳವು ಸಿಕ್ಕಿತೆಂದೇ ಅವರು ಒಳಗೆ ಕಾಲಿಟ್ಟು, ಈ ಹಾಡು ಯಾರದೆಂದು ನೇರವಾಗಿ ಕೇಳಿದರು.

ಉಪದೇಶಿಗಳು ಎದ್ದು ನಿಂತು ಕೈಮುಗಿದರು. “ಬರಿಯೋದು ನಾನ್ರಿ. ಅವ್ವ ಹಾಡ್ಕೋತ ಬೀಸ್ತಾಳ, ಕಲ್ಲು ನಿಂತಲ್ಲಿ ತಿದ್ದತೀನಿ.”

ಹಿರಿಯರಿಗೆ ನಂಬಿಕೆ ಬರಲಿಲ್ಲ.

“ನೀವೂ ಗೂಟ ಹಿಡೀರಿ,” ಎಂದರು ಉಪದೇಶಿಗಳು.

ಬಟ್ಟೆಯನ್ನಲ್ಲದೆ ಬೇರೇನೂ ಮುಟ್ಟದ ಮೇಸ್ತ್ರಿ ಮುದುಕಿಯ ಎದುರು ಕುಳಿತು ಬೀಸುಕಲ್ಲಿನ ಗೂಟ ಹಿಡಿದರು. ಹೊಡೆದುಹಾಕಿದ ಸಾಲನ್ನೇ ಹಟದಿಂದ ಎತ್ತಿದರು: ‘ಕರುಣಾವಾರಿಧಿ ನೀನೆ ದೇವಾ.’ ಮುದುಕಿಯ ಕೈ ತಡೆಯಿತು. ಕಲ್ಲು ನಿಂತಿತು.

“ವಾರಿಧಿ ಅಂದ್ರ ಏನ್ರಿ, ಹಿರ್ಯಾರ?”

ಸಮುದ್ರವೆಂದರು.

“ನಾ ಕಂಡಿಲ್ರಿ. ನೀವು ಕಂಡೀರೇನು?”

ಅವರೂ ಕಂಡಿರಲಿಲ್ಲ. ಆಕೆ ತಾನೇ ಕಲ್ಲು ತಿರುವುತ್ತ ತಿದ್ದಿದ ಸಾಲನ್ನು ಹಾಡಿದಳು: ‘ಮರಳಾಗಿನ ಒರತಿ ನೀನೆ ದೇವಾ.’ ಹಾಡಿ, ದೊಡ್ಡ ಬರದ ವರ್ಷ ಒಣಗಿದ ಹಳ್ಳದ ಮರಳನ್ನು ಕೈಯಿಂದ ತೋಡಿ, ಒಸರಿದ ನೀರನ್ನು ಬೊಗಸೆಯಲ್ಲಿ ಹಿಡಿದು ಮಕ್ಕಳಿಗೆ ಕುಡಿಸಿದ್ದನ್ನು ಹೇಳಿದಳು.

ಗಮಾಲಿಯೇಲಪ್ಪನವರ ಕೈ ಗೂಟದ ಮೇಲೆಯೇ ಉಳಿಯಿತು. ಅದೇ ಬರದಲ್ಲಿ ಅವರು ಮಿಶನ್ನಿನ ಅನಾಥಾಲಯಕ್ಕೆ ಬಂದ ಕೂಸು. ತಾಯಿಯ ಮುಖ ನೆನಪಿಲ್ಲ. ಉಗುರು ಕಿತ್ತು ಮರಳು ಮೆತ್ತಿದ ಅವಳ ಎರಡು ಕೈ, ಆ ಬೊಗಸೆಯ ಕದಡಿದ ನೀರು, ಅಷ್ಟು ಮಾತ್ರ ನೆನಪಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

“ಇನ್ನೊಮ್ಮೆ ಹಾಡವ್ವಾ,” ಎಂದರು. ಆಕೆ ಹಾಡಿದಳು. ಕಲ್ಲು ಸುತ್ತಿತು. ಸಮಾಧಾನಪ್ಪನವರು ಕಾಗದ ಮಡಿಚಿ, ಸದ್ದಿಲ್ಲದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು.

ಒಪ್ಪಿಗೆಯ ಪತ್ರ ಅಂದೇ ಹೋಯಿತು. ಅಚ್ಚಾಗಿ ಬಂದ ಮೊದಲ ಪ್ರತಿಯನ್ನು ಹಿರಿಯರು ರಾಹೇಲವ್ವನಿಗೆ ಓದಿ ಹೇಳಲೆಂದು ತಾವೇ ಒಯ್ದು, ಗಂಟಲು ಸರಿಪಡಿಸಿಕೊಂಡು ಕುಳಿತರು. ಆಕೆ ಜೋಳದ ಮೊರ ಮುಂದಕ್ಕೆಳೆದುಕೊಂಡಳು.

“ಪುಸ್ತಕ ಗೂಡಿನ್ಯಾಗ ಇಡ್ರಿ, ಹಿರ್ಯಾರ. ಗೂಟ ಹಿಡೀರಿ.”

ಅವರು ಹಿಡಿದರು.